ಹೊರಗಿಟ್ಟ ಸೇಬಿನ ಬುಟ್ಟಿ

ಶೀಆನ್
ಅಕ್ಟೋಬರ್ 12, 1985

ಪೇವೆನ್,

ನಾವೆಲ್ಲ ಸುಖವಾಗಿ ಬಂದು ಸೇರಿದೆವು. ರೈಲಿನಲ್ಲಿ ನನಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ ನಾನೇ ಹಿಡಿದುಕೊಂಡೆ. ದೊಂಗ್ ಅಕ್ಕ ತನಗೆ ವಾಂತಿಯಾಗುತ್ತದೆ, ಕಿಟಕಿ ಬಿಟ್ಟುಕೊಡು ಎಂದು ಗೋಗರೆದಳು. ಬಂದಾಗ ಹೇಳು, ಏಳುತ್ತೇನೆ ಎಂದೆ. ದಾರಿಯುದ್ದಕ್ಕೂ ಬರಲಿಲ್ಲ. ಅರಗಿನ ತಟ್ಟೆಗೆ ಚಿತ್ರ ಬರೆಯುವ ಕಾರ್ಖಾನೆಯಲ್ಲಿ ಅಷ್ಟು ವರ್ಷ ಪಕ್ಕದ ಮೇಜಿನಲ್ಲಿ ಕೂತವಳು, ಅವಳ ಹೊಟ್ಟೆ ನನಗೆ ಗೊತ್ತಿಲ್ಲವೇ? ಈಗ ಇಬ್ಬರಿಗೂ ಒಂದೇ ಕೋಣೆ. ಅವಳ ಗೊರಕೆಗೆ ಗೋಡೆಯ ಸುಣ್ಣ ಉದುರುತ್ತದೆ.

ಇವತ್ತು ಮಣ್ಣಿನ ಸೈನಿಕರನ್ನು ನೋಡಿದೆ. ಸಾಲುಸಾಲಾಗಿ ನಿಂತಿದ್ದಾರೆ, ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ನಮ್ಮ ಲೀಶಿನ್‌ನ ಪಡಿಯಚ್ಚು. ಅದೇ ಚಪ್ಪಟೆ ಮೂಗು, ಬೆಳಿಗ್ಗೆ ಎಬ್ಬಿಸಿದರೆ ಅವನು ಮಾಡುವ ಅದೇ ಮುಖ. ನಿನ್ನ ಗಂಡನಿಗೆ ಹೇಳು, ಅವನು ಎರಡು ಸಾವಿರ ವರ್ಷದಿಂದ ಇಲ್ಲಿ ಸುಮ್ಮನೆ ನಿಂತಿದ್ದಾನೆ ಎಂದು. ಮನೆಯಲ್ಲೂ ಅದನ್ನೇ ತಾನೆ ಮಾಡುವುದು.

ಒಂದು ಮಾತು ಎದುರಿಗೆ ಹೇಳಲು ನಾಲಿಗೆ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ನಿವೃತ್ತರ ಪ್ರವಾಸಕ್ಕೆ ನಾನು ಒಲ್ಲೆ, ಮಂಡಿ ನೋವು, ಮೊಮ್ಮಗಳು ತಾವ್‌ತಾವ್‌ಳನ್ನು ಯಾರು ನೋಡುತ್ತಾರೆ ಎಂದೆಲ್ಲ ಹೇಳಿದ್ದೆ. ನೀನು ಕಾರ್ಮಿಕ ಸಂಘಕ್ಕೆ ಹೋಗಿ ಪ್ರವಾಸ ನೋಡಿಕೊಳ್ಳುವ ಪಾನ್‌ನ ಮುಂದೆ ನಿಂತು ನನ್ನ ಹೆಸರು ಬರೆಸಿ ಬಂದೆ. "ಅತ್ತೆ ಜೀವಮಾನವೆಲ್ಲ ತಟ್ಟೆ ಮೇಲೆ ಪಶ್ಚಿಮ ಸರೋವರ ಬರೆದಿದಾರೆ, ಒಂದ್ಸಲ ನಿಜವಾದ್ದು ನೋಡ್ಲಿ" ಅಂದೆಯಂತೆ. ಪಾನ್ ಅದನ್ನು ರೈಲಿನಲ್ಲಿ ಎಲ್ಲರೆದುರಿಗೆ ಹೇಳಿದ. ಹೆತ್ತ ಮಗನಿಗೆ ಇದು ಹೊಳೆಯಲಿಲ್ಲ. ನಿನಗೆ ಹೊಳೆಯಿತು. ನಾನು ಕಿಟಕಿ ಕಡೆ ಮುಖ ಮಾಡಿಕೊಂಡೆ. ಹಾಂಗ್‌ಜೋ ಅಂದರೆ ಆ ಸರೋವರದ ಊರು ಇನ್ನೂ ದೂರವಿದೆ, ಆದರೂ ಇನ್ನೆಷ್ಟು ದಿನ ಎಂದು ಈಗಲೇ ಎಣಿಸುತ್ತಿದ್ದೇನೆ.

ಅಂದಹಾಗೆ, ಶಾಂಘೈಯಲ್ಲಿ ನಿನ್ನ ತವರಿನ ಓಣಿ ನದಿಗೆ ಹತ್ತಿರವೋ ದೂರವೋ? ನನಗೇನಲ್ಲ, ದೊಂಗ್ ಅಕ್ಕ ಕೇಳಿದಳು.

ಅತ್ತೆ


ಬೀಜಿಂಗ್
ಅಕ್ಟೋಬರ್ 17, 1985

ಪೇವೆನ್,

ಮಹಾಗೋಡೆ ಹತ್ತಿದೆ. ಪೂರ್ತಿ ಅಲ್ಲ, ಎರಡನೆಯ ಕಾವಲು ಗೋಪುರದವರೆಗೆ. ಮಂಡಿ ಅಲ್ಲಿಗೆ ಸಾಕು ಎಂದಿತು. ದೊಂಗ್ ಅಕ್ಕ ಚಹಾ ಅಂಗಡಿ ದಾಟಲಿಲ್ಲ. ಸಂಜೆ ಮಾತ್ರ ನನಗಿಂತ ಹೆಚ್ಚು ಗೋಡೆ ಅವಳೇ ಹತ್ತಿದ ಹಾಗೆ ಎಲ್ಲರಿಗೂ ವರ್ಣಿಸುತ್ತಿದ್ದಳು. ಮೇಲೆ ನಿಂತು ನೋಡಿದರೆ ಗುಡ್ಡದ ಮೇಲೆ ಗುಡ್ಡ, ಅದರ ಬೆನ್ನ ಮೇಲೆಲ್ಲ ಗೋಡೆ. ಕಲ್ಲು ಹೊತ್ತವರು ಅನ್ನ ಉಂಡಿದ್ದರೋ ಇಲ್ಲವೋ ಎಂದು ಯೋಚನೆಯಾಯಿತು. ಅಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ನೀನು ಹೆಣೆದುಕೊಟ್ಟ ಸ್ವೆಟರನ್ನೇ ಹಾಕಿಕೊಂಡಿದ್ದೆ, ಗುಂಡಿ ಎಲ್ಲ ಕಾಣುವ ಹಾಗೆ ಕೋಟು ತೆರೆದು ನಿಂತೆ. ಚಳಿಗೆ ಹಲ್ಲು ಕಟಕಟ.

ಅರಮನೆಯಲ್ಲಿ ಹೊಸಿಲುಗಳು ಎಷ್ಟು ಎತ್ತರವೆಂದರೆ ದಾಟಿ ದಾಟಿ ತೊಡೆ ನೋವು. ಬಾತುಕೋಳಿ ಊಟವನ್ನೂ ಮಾಡಿಸಿದರು. ಚರ್ಮ ಗರಿಗರಿ, ಚೆನ್ನಾಗಿತ್ತು. ಆದರೆ ಖಾರ ಎಂಬುದು ಈ ಊರಿಗೇ ಗೊತ್ತಿಲ್ಲ. ನಾನು ಪೊಟ್ಟಣದಲ್ಲಿ ತಂದಿದ್ದ ಮೆಣಸಿನ ಪುಡಿ ಉದುರಿಸಿಕೊಂಡೆ. ಬಡಿಸುವವಳು ಅಡುಗೆಯವರಿಗೆ ಅವಮಾನವಾಯಿತು ಎಂಬಂತೆ ನೋಡಿದಳು.

ನೀನು ಕಟ್ಟಿಕೊಟ್ಟ ಸೇಬು ಹಾಗೇ ಇವೆ. ದಿನಾ ಒಂದೊಂದು ಒರೆಸಿ ಮಗ್ಗುಲು ತಿರುಗಿಸಿ ಇಡುತ್ತೇನೆ. ದೊಂಗ್ ಅಕ್ಕ ಒಂದು ಕೊಡು ಎಂದು ಪ್ರಾಣ ತಿನ್ನುತ್ತಾಳೆ. ತಿನ್ನಲಿಕ್ಕಲ್ಲ ಎಂದೆ. ಸೇಬು ತಿನ್ನಲಿಕ್ಕಲ್ಲದೆ ಪೂಜೆಗೆ ತಂದಿದ್ದೀಯಾ ಎಂದು ಕೇಳಿದಳು. ಯಾರಿಗೆಂದು ಅವಳಿಗೆ ಗುಟ್ಟು ಬಿಟ್ಟುಕೊಡಲಿಲ್ಲ. ನಿನಗೂ ಕೊಡುವುದಿಲ್ಲ.

ತಾವ್‌ತಾವ್‌ಗೆ ಒಂದು ಗಾಳಿಪಟ ಕೊಂಡಿದ್ದೇನೆ. ಈಗಲೇ ಹೇಳಬೇಡ, ಹೇಳಿದರೆ ನಾನು ಬರುವವರೆಗೂ ನಿನ್ನ ತಲೆ ತಿನ್ನುತ್ತಾಳೆ.

ಅತ್ತೆ


ತಿಯಾನ್‌ಶುಯಿ
ಅಕ್ಟೋಬರ್ 19, 1985

ಪೂಜ್ಯ ಅತ್ತೆಯವರಿಗೆ ಸೊಸೆ ಪೇವೆನ್‌ಳ ನಮಸ್ಕಾರಗಳು.

ಶೀಆನ್‌ನಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಗುಂಪು ನಾನ್‌ಜಿಂಗ್‌ನಲ್ಲಿ ಇಳಿಯುವ ವಸತಿಗೃಹಕ್ಕೆ ಇದನ್ನು ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಚಳಿಗಾಲಕ್ಕೆ ಎಲೆಕೋಸು ತಂದು ಮೆಟ್ಟಿಲ ಕೆಳಗೆ ಜೋಡಿಸಿದ್ದೇವೆ. ಸೈನಿಕನ ವಿಷಯ ಓದಿ ನಿಮ್ಮ ಮಗ ಕನ್ನಡಿ ಮುಂದೆ ನಿಂತು ಮೂಗು ಮುಟ್ಟಿ ನೋಡಿಕೊಂಡರು. ತಾವ್‌ತಾವ್ ರಾತ್ರಿ ನಿಮ್ಮ ದಿಂಬು ತಬ್ಬಿಕೊಂಡು ಮಲಗುತ್ತಾಳೆ.

ಅತ್ತೆ, ಓಣಿಯ ವಿಷಯ ಕೇಳಿದ್ದು ದೊಂಗ್ ಅಕ್ಕನಲ್ಲ ಎಂದು ನನಗೆ ಗೊತ್ತು. ನೀವು ಮರೆತವರಂತೆ ಮಾಡುತ್ತೀರಿ, ಅದಕ್ಕೇ ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯಬೇಕಾಗಿದೆ. ಶಾಂಘೈಯಿಂದ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯನ್ನೇ ಎತ್ತಿ ತಿಯಾನ್‌ಶುಯಿಗೆ ತಂದಾಗ ನಾನು ಅದರ ಜೊತೆ ಬಂದವಳು. ವಾಪಸು ಹೋಗುವ ಅವಕಾಶ ಬಂತು. ನಾನು ನಿಮ್ಮ ಮಗನನ್ನು ಮದುವೆಯಾಗಿ ಇಲ್ಲೇ ಉಳಿದೆ. ಆಗ ಅಪ್ಪ ಒಂದೇ ಸಾಲು ಬರೆದರು: ಹಾಗಾದರೆ ಇನ್ನು ಈ ಮನೆಗೆ ಬರಬೇಡ. ನಾನು ಹೋಗಲಿಲ್ಲ. ಆರು ವರ್ಷವಾಯಿತು. ಅವರು ಮೊಮ್ಮಗಳ ಮುಖವನ್ನೂ ನೋಡಿಲ್ಲ.

ನಮ್ಮ ಅಪ್ಪ ಒಮ್ಮೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರಲ್ಲ. ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದಾಗಲೂ ಹಾಗೇ, ಆಗುವುದಿಲ್ಲ ಎಂದರೆ ಗಿರಾಕಿ ಕಾಲಿಗೆ ಬಿದ್ದರೂ ಆಗುವುದಿಲ್ಲ. ನನಗೆ ಈಗ ಅದರಿಂದ ನೋವಿಲ್ಲ. ನಿಮ್ಮ ಮನೆಯಲ್ಲಿ ನನಗೆ ಏನೂ ಕಡಿಮೆಯಿಲ್ಲ. ದಯವಿಟ್ಟು ನೀವು ಅಲ್ಲಿಗೆ ಹೋಗಬೇಡಿ. ನನ್ನಿಂದಾಗಿ ನಿಮಗೆ ಯಾರಾದರೂ ಒಂದು ಮಾತು ಅಂದರೆ ನಾನು ಸಹಿಸಲಾರೆ. ಸರೋವರ ನೋಡಿ ಬನ್ನಿ.

ನಿಮ್ಮ ಸೊಸೆ
ಪೇವೆನ್


ಶಾಂಘೈ
ಅಕ್ಟೋಬರ್ 27, 1985

ಪೇವೆನ್,

ನಾನ್‌ಜಿಂಗ್‌ನಲ್ಲಿ ನಿನ್ನ ಪತ್ರ ಸಿಕ್ಕಿತು. ಅಲ್ಲಿ ದೊಡ್ಡ ಸೇತುವೆಯ ಮೇಲೆ ನಿಂತು ಯಾಂಗ್‌ತ್ಸೆ ನದಿ ನೋಡಿದೆವು. ಇಷ್ಟು ನೀರು ಒಂದೇ ಕಡೆ ಇರುವುದು ಅನ್ಯಾಯ, ಅರ್ಧ ನಮ್ಮ ಗಾನ್ಸು ಪ್ರಾಂತಕ್ಕೆ ಕೊಡಬಾರದೇ ಎಂದು ದೊಂಗ್ ಅಕ್ಕ ಹೇಳಿದಳು. ಅವಳು ಈ ಪ್ರವಾಸದಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಶಾಂಘೈಯಲ್ಲಿ ನದಿ ದಂಡೆಯ ದೊಡ್ಡ ಕಟ್ಟಡ ನೋಡಿದೆ, ಅಂಗಡಿ ಬೀದಿ ನೋಡಿದೆ. ಜನ ನುಗ್ಗುವ ರಭಸಕ್ಕೆ ನಾನು ನಡೆಯಲೇ ಇಲ್ಲ, ಅವರೇ ಹೊತ್ತುಕೊಂಡು ಹೋದರು. ನಿನ್ನ ಊರು, ಏನೂ ಅನ್ನಬಾರದು. ಆದರೂ ಅನ್ನುತ್ತೇನೆ. ಈ ಊರಿಗೆ ಎದೆ ಇಲ್ಲ.

ಇಲ್ಲಿ ಒಂದು ಮನೆಗೆ ಹೋಗಿದ್ದೆ. ದೊಂಗ್ ಅಕ್ಕನಿಗೆ ಬೇಕಾದವರು ಅಂದುಕೋ. ಬರಿಗೈಯಲ್ಲಿ ಹೋಗಬಾರದೆಂದು ನಿನ್ನ ಸೇಬಿನ ಬುಟ್ಟಿ ಒಯ್ದೆ. ಒಂದೂ ಕೊಳೆತಿರಲಿಲ್ಲ, ಎಲ್ಲವೂ ಫಳಫಳ. ಯಜಮಾನರ ಕೈಗೆ ಎಟುಕುವಂತೆ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಅವರಿಗೆ ಕಿವಿ ಮಂದವಿರಬಹುದೆಂದು ಸೇಬು, ಸೇಬು, ನಮ್ಮೂರ ಸೇಬು ಎಂದು ಮೂರ್ನಾಲ್ಕು ಸಲ ಗಟ್ಟಿಯಾಗಿ ಹೇಳಿದೆ. ಯಜಮಾನಿತಿಯ ಮುಖ ಬಿಳಿಚಿಕೊಂಡಿತು. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಾಗಿಲ ಹೊರಗೆ ಇಟ್ಟು ಬಂದಳು. ಕೂತುಕೋ ಎನ್ನಲಿಲ್ಲ. ಬಿಸಿನೀರು ಬೇಕೇ ಎನ್ನಲಿಲ್ಲ. ಬಾಗಿಲ ಕಡೆ ಕೈ ತೋರಿಸಿದಳು.

ನಾವು ಹಳ್ಳಿಗಾಡಿನವರು, ನಮ್ಮ ಮಾತು ಒರಟು, ಒಪ್ಪಿಕೊಂಡೆ. ಆದರೆ ನಮ್ಮ ತಿಯಾನ್‌ಶುಯಿ ಸೇಬಿಗೆ ಏನು ಕೊರತೆ? ಕ್ಷೇಮವಾಗಿರಲಿ ಎಂದು ಕೊಡುವ ಹಣ್ಣಲ್ಲವೇ ಅದು? ಒಳಗಿಟ್ಟುಕೊಂಡು ನಾನು ಹೋದ ಮೇಲೆ ಎಸೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಯಾವ ಮನೆ ಎಂದು ಕೇಳಬೇಡ. ಬರೆಯಬಾರದೆಂದುಕೊಂಡಿದ್ದೆ, ತಡೆಯಲಾಗಲಿಲ್ಲ.

ನಾಳೆ ಹಾಂಗ್‌ಜೋಗೆ ಹೊರಡುತ್ತೇವೆ.

ಅತ್ತೆ


ತಿಯಾನ್‌ಶುಯಿ
ಅಕ್ಟೋಬರ್ 31, 1985

ಅತ್ತೆಯವರಿಗೆ,

ಇದನ್ನು ಹಾಂಗ್‌ಜೋ ವಸತಿಗೃಹಕ್ಕೆ ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಬೇಗ ತಲುಪಲಿ. ಯಾವ ಮನೆ ಎಂದು ನಾನು ಕೇಳುವುದಿಲ್ಲ. ನೀವು ಹೋಗಿದ್ದಕ್ಕೆ ಕೋಪವೂ ಇಲ್ಲ. ವಿಳಾಸ ಕೊಟ್ಟದ್ದು ನಿಮ್ಮ ಮಗನೇ ಎಂದು ಬೆಳಿಗ್ಗೆ ಅವರ ಮುಖ ನೋಡಿದಾಗಲೇ ಗೊತ್ತಾಯಿತು. ಕೇಳುವುದು ಒಂದೇ. ಕಾಯಿಲೆ ಯಾರಿಗೆ? ಅಪ್ಪನಿಗೋ, ಅಮ್ಮನಿಗೋ?

ನೀವು ಬರೆದಿಲ್ಲ, ಆದರೆ ನಿಮ್ಮ ಸೇಬಿನ ಬುಟ್ಟಿ ಬರೆದಿದೆ. ಶಾಂಘೈ ಮಾತಿನಲ್ಲಿ ಸೇಬಿಗೆ ಬಿಂಗೂ ಎನ್ನುತ್ತೇವೆ. ಕಾಯಿಲೆ ಬಿದ್ದು ತೀರಿಕೊಂಡ ಎನ್ನುವುದಕ್ಕೂ ಅದೇ ಬಿಂಗೂ. ಎರಡೂ ಕಿವಿಗೆ ಒಂದೇ. ಬೇರೆ ದಿನ ನಾವೂ ಸೇಬು ತಿನ್ನುತ್ತೇವೆ, ನೆಂಟರಿಗೆ ಕೊಡುತ್ತೇವೆ, ಯಾರೂ ಏನೂ ಅನ್ನುವುದಿಲ್ಲ. ಮನೆಯಲ್ಲಿ ರೋಗಿ ಮಲಗಿದ್ದರೆ ಮಾತ್ರ ಅದು ಹೊಸಿಲು ದಾಟಬಾರದು. ಅಮ್ಮ ಬುಟ್ಟಿಯನ್ನು ಹೊರಗಿಟ್ಟಿದ್ದು ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ. ಹೆದರಿದ್ದಾಳೆ. ಯಾರೋ ದೊಡ್ಡ ಕಾಯಿಲೆಯಲ್ಲಿ ಮಲಗದೆ ಅವಳು ಅಷ್ಟು ಹೆದರುವವಳಲ್ಲ.

ಯಜಮಾನರ ಕೈಗೆ ಎಟುಕುವಂತೆ ಎಂದು ಬರೆದಿದ್ದೀರಿ. ಆರೋಗ್ಯವಾಗಿರುವ ಮನುಷ್ಯ ಎದ್ದು ತೆಗೆದುಕೊಳ್ಳುತ್ತಾನಲ್ಲವೇ? ಅಪ್ಪನೇ ಇರಬೇಕು.

ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಬರಬೇಡ ಎಂದವರ ಮನೆಗೆ ಕಾಯಿಲೆಯ ನೆಪ ಹಿಡಿದು ಹೇಗೆ ಹೋಗಲಿ? ನನ್ನನ್ನು ನೋಡಿ ಅವರಿಗೆ ಸಿಟ್ಟು ಬಂದು ಕಾಯಿಲೆ ಇನ್ನೂ ಹೆಚ್ಚಾದರೆ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಅತ್ತೆ. ನನ್ನನ್ನು ಕಾಪಾಡಬೇಡಿ.

ಪೇವೆನ್


ಹಾಂಗ್‌ಜೋ
ಅಕ್ಟೋಬರ್ 31, 1985

ಪೇವೆನ್,

ಕೊನೆಗೂ ಪಶ್ಚಿಮ ಸರೋವರ ನೋಡಿದೆ. ಕಣ್ಣು ತುಂಬಿ ಬಂತು. ನೀರಿನ ತುಂಬ ತಾವರೆ ಅರಳಿದೆ, ಎಲ್ಲವೂ ಕೆಂಪು. ಎಡಗಡೆ ಕಮಾನಿನ ಸೇತುವೆ, ಅದರ ಮೇಲೆ ತೆಳ್ಳಗೆ ಹಿಮ. ಬಲಗಡೆ ದಂಡೆಯಲ್ಲಿ ಚಿಗುರಿದ ವಿಲೋ ಮರ, ರೆಂಬೆ ನೀರಿಗೆ ತಾಗುತ್ತದೆ. ನಡುವೆ ಮೂರು ಕಲ್ಲಿನ ಗೋಪುರ, ಮೇಲೆ ಹುಣ್ಣಿಮೆ ಚಂದ್ರ, ಕೆಳಗೆ ಜೋಡಿ ಬಾತು. ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಇದನ್ನು ನೋಡುವ ಭಾಗ್ಯ ನಿನ್ನಿಂದ ಬಂತು. ಈ ಋಣ ನಾನು ಮರೆಯುವವಳಲ್ಲ.

ಶಾಂಘೈ ಪತ್ರದಲ್ಲಿ ಸಿಟ್ಟಿನಲ್ಲಿ ಏನೇನೋ ಬರೆದೆ. ಅದನ್ನು ಒಲೆಗೆ ಹಾಕು. ಆ ಊರು ನಾನು ಅಂದುಕೊಂಡಷ್ಟು ಕೆಟ್ಟದ್ದಲ್ಲ.

ಊಟ ಚೆನ್ನಾಗಿದೆ, ಸೊಪ್ಪಿಗೂ ಸಕ್ಕರೆ ಹಾಕುತ್ತಾರೆ ಅನ್ನುವುದೊಂದೇ ಕಷ್ಟ. ಹೊಟ್ಟೆ ಸರಿಯಿಲ್ಲದವರಿಗೆ ನಿಮ್ಮ ಕಡೆ ಏನು ಬೇಯಿಸಿಕೊಡುತ್ತಾರೆ, ಗಂಜಿಗೆ ಏನು ನಂಚಿಕೊಳ್ಳುತ್ತಾರೆ, ಬರೆ. ದೊಂಗ್ ಅಕ್ಕನಿಗೆ ಬೇಕು. ಗುಂಪಿನವರು ಇನ್ನೂ ಒಂದೆರಡು ಊರು ಸೇರಿಸಿದ್ದಾರೆ, ನಾನು ಬರುವುದು ತಡವಾಗಬಹುದು. ಲೀಶಿನ್‌ಗೆ ಹತ್ತಿ ಕೋಟು ತೆಗೆದುಕೊಡು, ಹೇಳದಿದ್ದರೆ ಹಾಕಿಕೊಳ್ಳುವುದಿಲ್ಲ.

ಅತ್ತೆ


ಶಾಂಘೈ
ನವೆಂಬರ್ 3, 1985

ಪೇವೆನ್,

ನಾನು ಹಾಂಗ್‌ಜೋಗೆ ಹೋಗಲಿಲ್ಲ. ಗುಂಪಿನವರು ಹೋಗಿ ವಾಪಸು ಬಂದರು. ನೀನು ಅಲ್ಲಿಗೆ ಕಳಿಸಿದ್ದ ಪತ್ರವನ್ನು ದೊಂಗ್ ಅಕ್ಕ ಈ ಓಣಿಗೆ ತಂದುಕೊಟ್ಟು ಊರಿಗೆ ರೈಲು ಹತ್ತಿದಳು. ನಾನು ನಿನ್ನ ತಂದೆಯ ಮನೆಯಲ್ಲಿದ್ದೇನೆ. ಹೌದು, ಕಾಯಿಲೆ ಅವರಿಗೇ. ಹೊಟ್ಟೆಯಲ್ಲಿ ಗಡ್ಡೆ. ದೂರದಲ್ಲಿರುವವರಿಗೆ ಕೆಟ್ಟ ಸುದ್ದಿ ಬರೆಯಬಾರದು ಎಂದೇ ನಮ್ಮನ್ನು ಬೆಳೆಸಿದ್ದು, ಅದಕ್ಕೇ ಮುಚ್ಚಿಟ್ಟೆ. ನೀನು ಸೇಬಿನಿಂದ ಕಂಡುಹಿಡಿಯುತ್ತೀಯಾ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಕೇಳು. ಹಾಂಗ್‌ಜೋಗೆ ಹೊರಡುವ ದಿನ ಬೆಳಿಗ್ಗೆ ಮತ್ತೆ ಓಣಿಗೆ ಹೋದೆ. ನಿಜ ಹೇಳಬೇಕೆಂದರೆ ಜಗಳಕ್ಕೇ ಹೋದದ್ದು. ಸೇಬು ಬೇಡದಿದ್ದರೆ ಬಿಡಲಿ, ಬುಟ್ಟಿ ನಿನ್ನ ಮಾವ ಹೆಣೆದದ್ದು, ಅದನ್ನು ತರುತ್ತೇನೆ ಎಂದುಕೊಂಡೆ. ಬುಟ್ಟಿ ಬಾಗಿಲ ಹೊರಗೇ ಇತ್ತು, ಒಂದು ಹಣ್ಣೂ ಕಡಿಮೆಯಾಗಿರಲಿಲ್ಲ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯವಳು ನನ್ನನ್ನು ತಡೆದು, ನೀವೇನಾ ಗಡಿಯಾರದ ಗೂ ಅವರ ಹಾಸಿಗೆ ಪಕ್ಕ ಸೇಬು ಇಟ್ಟಿದ್ದು ಎಂದು ಕೇಳಿದಳು. ಆಮೇಲೆ ಆ ಮಾತಿಗೆ ಇಲ್ಲಿ ಏನು ಅರ್ಥ ಎಂದು ಬಿಡಿಸಿ ಹೇಳಿದಳು. ಮಲಗಿದ ಮನುಷ್ಯನ ಕಿವಿಯಲ್ಲಿ ಸತ್ತೆ, ಸತ್ತೆ ಎಂದು ಮೂರ್ನಾಲ್ಕು ಸಲ ಕೂಗಿ ಬಂದಿದ್ದೆ, ಪೇವೆನ್. ಅದೂ ನಗುನಗುತ್ತಾ.

ಸದ್ದಾಗದಂತೆ ಬುಟ್ಟಿ ಎತ್ತಿಕೊಂಡು ಹೊರಟೆ. ಒಳಗಿನಿಂದ ನಿನ್ನ ತಂದೆ ಯಾರದು ಎಂದರು, ಗಾನ್ಸುವಿನವರಾದರೆ ಒಳಗೆ ಬನ್ನಿ ಎಂದರು. ಹೋದೆ. ತಪ್ಪಾಯಿತು ಎಂದೆ. ಅವರು ಬುಟ್ಟಿ ನೋಡುತ್ತಾ, ಪೇವೆನ್ ಈ ಹಣ್ಣು ತಿನ್ನುತ್ತಾಳಾ ಎಂದು ಕೇಳಿದರು. ಆರು ವರ್ಷದಲ್ಲಿ ಅವರ ಬಾಯಲ್ಲಿ ನಿನ್ನ ಹೆಸರು ಬಂದಿರಲಿಲ್ಲವೆಂದು ಬೀಗಿತ್ತಿ ಆಮೇಲೆ ಪಕ್ಕದ ಮನೆಯವಳ ಬಾಯಲ್ಲಿ ಹೇಳಿಸಿದಳು. ದಿನಾ ತಿನ್ನುತ್ತಾಳೆ, ಮಗಳಿಗೂ ಸುಲಿದು ಕೊಡುತ್ತಾಳೆ ಎಂದೆ. ಅವರು ಬುಟ್ಟಿಗೆ ಕೈ ಚಾಚಿದರು. ಬೀಗಿತ್ತಿ ಓಡಿ ಬಂದು ಆ ಕೈ ಹಿಡಿದುಕೊಂಡಳು. ಆಗ ಅವರು ನನಗೂ ತಿಳಿಯಲಿ ಎಂದು ಶಾಂಘೈ ಮಾತು ಬಿಟ್ಟು ದೇಶಕ್ಕೆಲ್ಲ ತಿಳಿಯುವ ಭಾಷೆಯಲ್ಲೇ ಹೇಳಿದರು:

"ಕೊಡೇ ಇಲ್ಲಿ. ನನ್ನ ಮಗಳು ಆರು ವರ್ಷದಿಂದ ಇದನ್ನೇ ತಿಂದು ಬದುಕಿದಾಳೆ. ನಾನು ಒಂದು ತಿಂದ್ರೆ ಸಾಯ್ತೀನಾ?"

ಅರ್ಧ ತಿಂದರು. ಉಳಿದರ್ಧವನ್ನು ಬೀಗಿತ್ತಿ ಗೋಡೆಗೆ ಮುಖ ಮಾಡಿ ನಿಂತು ತಿಂದಳು. ಅಳುತ್ತಲೇ ತಿಂದಳು. ಅದಾದ ಮೇಲೆ ನಾನು ರೈಲು ಹತ್ತಿ ಸರೋವರ ನೋಡಲು ಹೇಗೆ ಹೋಗಲಿ? ನಿನ್ನ ಅಣ್ಣ ಹಡಗಿನ ಕೆಲಸದ ಮೇಲೆ ಸಮುದ್ರದಲ್ಲಿದ್ದಾನೆ. ಬೀಗಿತ್ತಿ ಒಬ್ಬಳೇ. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಆದರೂ ದಿನವೆಲ್ಲ ಮಾತಾಡುತ್ತೇವೆ. ಅವಳು ಬಾಣಲೆಗೆ ಸಕ್ಕರೆ ಹಾಕುತ್ತಾಳೆ, ಅವಳು ಆಚೆ ತಿರುಗಿದಾಗ ನಾನು ಮೆಣಸಿನ ಪುಡಿ ಹಾಕುತ್ತೇನೆ. ನಿನ್ನೆ ಅವಳೇ ಡಬ್ಬಿ ನನ್ನ ಕಡೆ ತಳ್ಳಿದಳು. ನನಗೆ ತನ್ನ ಮಂಚದಲ್ಲೇ ಜಾಗ ಮಾಡಿಕೊಟ್ಟಿದ್ದಾಳೆ. ಒಳ್ಳೆಯ ಹೆಂಗಸು. ನಿನ್ನನ್ನು ಹೆತ್ತು ನನಗೆ ಕೊಟ್ಟವಳು, ಅವಳ ಕೆಲಸಕ್ಕೆ ನಾಲ್ಕು ದಿನ ಹೆಗಲು ಕೊಡದಿದ್ದರೆ ನಾನೆಂಥ ಮನುಷ್ಯಳು?

ಹಾಂಗ್‌ಜೋ ಎಂದು ಬರೆದ ಪತ್ರ ಸುಳ್ಳು. ನಿನಗೆ ಬೇಜಾರಾಗದಿರಲಿ ಎಂದು ಬರೆದೆ.

ನಿನಗೆ ತಿಳಿಸಲೇ ಎಂದು ನಿನ್ನ ತಂದೆಯನ್ನು ಕೇಳಿದೆ. ಬೇಡ, ಕಾಯಿಲೆಯ ಹೆಸರು ಹೇಳಿ ಕರೆಯುವುದು ಬೇಡ, ಬರಬೇಕು ಅನ್ನಿಸಿದರೆ ಅವಳೇ ಬರಲಿ ಎಂದರು. ಆದ್ದರಿಂದ ನಾನು ಕರೆಯುತ್ತಿಲ್ಲ. ಶಸ್ತ್ರಚಿಕಿತ್ಸೆ ಎಂಟನೇ ತಾರೀಖು. ಅಷ್ಟು ಮಾತ್ರ ತಿಳಿಸುತ್ತಿದ್ದೇನೆ.

ಅತ್ತೆ


ತಿಯಾನ್‌ಶುಯಿ
ನವೆಂಬರ್ 4, 1985

ಅತ್ತೆ,

ಈ ಪತ್ರಕ್ಕಿಂತ ನಾನೇ ಮೊದಲು ಬಂದು ಸೇರುತ್ತೇನೆ. ಆದರೂ ರೈಲಿಗೆ ಇನ್ನೂ ಹೊತ್ತಿದೆ, ಕೈ ಸುಮ್ಮನಿರಲೊಲ್ಲದು.

ನಿಮ್ಮ ಹಾಂಗ್‌ಜೋ ಪತ್ರ ಇವತ್ತು ಬಂತು. ಲಕೋಟೆಯ ಮೇಲೆ ಶಾಂಘೈ ಮುದ್ರೆ. ನಾನು ಗಟ್ಟಿಯಾಗಿ ಓದುತ್ತಿದ್ದೆ, ನಿಮ್ಮ ಮಗ ಊಟ ಮಾಡುತ್ತಿದ್ದವರು ನಿಲ್ಲಿಸಿ, "ತಾವರೆ, ಹಿಮ, ಹುಣ್ಣಿಮೆ ಎಲ್ಲ ಒಟ್ಟಿಗೇ? ಇದು ಸರೋವರ ಅಲ್ಲ ಕಣೇ, ಅಮ್ಮ ಬರೀತಿದ್ದ ತಟ್ಟೆ" ಅಂದರು. ಗೋಡೆಯ ಮೇಲಿದ್ದ ಅರಗಿನ ತಟ್ಟೆ ಇಳಿಸಿ ತಂದು ಪತ್ರದ ಪಕ್ಕ ಇಟ್ಟರು. ಬಾತು ಕೂಡ ನೀವು ಹೇಳಿದ ಜಾಗದಲ್ಲೇ ಇತ್ತು. ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ನೀವು ಎಲ್ಲಿದ್ದೀರಿ, ಗಂಜಿ ಯಾರಿಗೆ ಎಂದು ತಿಳಿಯಿತು. ಜೀವಮಾನವೆಲ್ಲ ಬಯಸಿದ್ದನ್ನು ಕೈಗೆ ಬಂದಾಗ ಬಿಟ್ಟು ನನ್ನ ಅಪ್ಪನ ಹಾಸಿಗೆ ಪಕ್ಕ ಕೂತಿದ್ದೀರಿ. ನಾನು ಮಗಳಾಗಿ ಇಲ್ಲಿ ಎಲೆಕೋಸು ಎಣಿಸುತ್ತಾ ಕೂತಿದ್ದೇನೆ.

ತಾವ್‌ತಾವ್‌ಳನ್ನು ಕರೆದುಕೊಂಡು ಹೊರಡುತ್ತಿದ್ದೇನೆ. ಅಪ್ಪ ಬಾಗಿಲಲ್ಲೇ ಬೈದು ಕಳಿಸಿದರೂ ಸರಿ. ಬೈಯಲು ಅವರು ಇದ್ದಾರಲ್ಲ, ನನಗೆ ಅಷ್ಟು ಸಾಕು. ಈ ಲಕೋಟೆಯ ಮೇಲೆ ಆ ಓಣಿಯ ಹೆಸರು ಬರೆಯುವಾಗ ಪೆನ್ನು ಎಲ್ಲೂ ತಡೆಯಲಿಲ್ಲ.

ಪೇವೆನ್


ಶಾಂಘೈ
ನವೆಂಬರ್ 16, 1985

ಅತ್ತೆ,

ನೀವು ಊರು ತಲುಪಿದ ಸುದ್ದಿ ಬಂತು. ಗಾಳಿಪಟ ಇನ್ನೂ ನಿಮ್ಮ ಚೀಲದಲ್ಲೇ ಇದೆಯಂತೆ, ತಾವ್‌ತಾವ್ ಕೇಳುತ್ತಿದ್ದಾಳೆ. ನೀವು ಮೂರನೇ ತಾರೀಖು ಬರೆದ ಪತ್ರವನ್ನು ನಾನಿನ್ನೂ ಓದಿಲ್ಲ. ನಿಮ್ಮ ಮಗ ಜೋಪಾನವಾಗಿ ತೆಗೆದಿಟ್ಟಿರಲಿ, ಬಂದ ಮೇಲೆ ಓದುತ್ತೇನೆ.

ತೆಗೆದ ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರು ನಿನ್ನೆ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಪ್ಪ ಈಗ ದಿಂಬಿಗೆ ಒರಗಿ ಕೂರುತ್ತಾರೆ. ತಾವ್‌ತಾವ್ ಹಳೆಯ ಗಡಿಯಾರಗಳನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡಿದ್ದಾಳೆ, ಅವರು ಒಂದು ಮಾತೂ ಅನ್ನುವುದಿಲ್ಲ. ನಾನು ಚಿಕ್ಕವಳಿದ್ದಾಗ ಒಂದನ್ನು ಮುಟ್ಟಿದ್ದಕ್ಕೆ ಮೂಲೆಯಲ್ಲಿ ನಿಲ್ಲಿಸಿದ್ದರು. ಅಮ್ಮ ನಿಮ್ಮನ್ನು ದಿನಾ ನೆನೆಯುತ್ತಾಳೆ. ವಸಂತದಲ್ಲಿ ನೀವು ಬರಲೇಬೇಕಂತೆ. ಹಾಂಗ್‌ಜೋಗೆ ತಾನೇ ಕರೆದುಕೊಂಡು ಹೋಗುತ್ತಾಳಂತೆ, ದೊಂಗ್ ಅಕ್ಕನೂ ಬರಲಿ ಅಂತೆ. ನಿಮ್ಮ ಗೆಳತಿ ರಾತ್ರಿ ಹೇಗೆ ಮಲಗುತ್ತಾಳೆ ಎಂದು ನಾನು ಅಮ್ಮನಿಗೆ ಹೇಳಿಲ್ಲ.

ನಿಮಗೆ ಹೇಗೆ ಕೃತಜ್ಞತೆ ಹೇಳಲಿ, ಅತ್ತೆ? ಬರೆದು ಬರೆದು ಎರಡು ಹಾಳೆ ಹರಿದು ಹಾಕಿದೆ. ಈ ಮನೆಯ ಬಾಗಿಲು ನನಗೆ ತೆರೆದದ್ದು ನಿಮ್ಮಿಂದ. ಅದಕ್ಕಿಂತ ದೊಡ್ಡ ಮಾತು ನನಗೆ ಬರುವುದಿಲ್ಲ.

ಅಪ್ಪ ಅವತ್ತು ಏನೆಂದು ಕೂಗಿದರು ಎಂದು ನೀವು ರೈಲು ಹತ್ತುವಾಗ ಕೇಳಿದ್ದಿರಿ. ಅಷ್ಟು ಜನರ ಮಧ್ಯೆ ಹೇಳಲಾಗಲಿಲ್ಲ. ನಾನು ಬಂದ ದಿನ ಅಪ್ಪ ಹಾಸಿಗೆಯಿಂದ ಎದ್ದು ಕೂತು ಅಷ್ಟು ಹೊತ್ತು ಕೂಗಾಡಿದರು, ನಾನು ಬಾಗಿಲ ಹತ್ತಿರವೇ ನಿಂತು ಅಳುತ್ತಿದ್ದೆ. ಶಾಂಘೈ ಮಾತು ನಿಮಗೆ ತಿಳಿಯದು, ಹೊರಗೆ ಹೋಗು ಅನ್ನುತ್ತಿದ್ದಾರೆ ಎಂದುಕೊಂಡಿರಿ. ನನ್ನ ಚೀಲ ನಿಮ್ಮ ಹೆಗಲಿಗೆ ಹಾಕಿಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತು, "ನಮ್ಮ ಹುಡುಗೀಗೆ ಒಂದು ಮಾತು ಅಂದ್ರೆ ಸರಿಯಿರಲ್ಲ ಬೀಗರೇ, ಅವಳಿಗೆ ಮನೆ ಇದೆ" ಎಂದಿರಿ. ಸಿಟ್ಟಿನಲ್ಲಿ ನೀವು ಊರ ಮಾತಿನಲ್ಲೇ ಅಂದದ್ದರಿಂದ ಅಪ್ಪನಿಗೆ ತಿಳಿಯಲಿಲ್ಲ. ಬೀಗಿತ್ತಿ ಅವತ್ತು ಏನಂದಳು ಎಂದು ಮೊನ್ನೆ ಕೇಳಿದರು. ಹೇಳಿದೆ.

ಅವತ್ತು ಅಪ್ಪ ಕೂಗಿದ್ದನ್ನು ಈಗ ನಿಮಗೆ ತಿಳಿಯುವ ಮಾತಿನಲ್ಲಿ ಬರೆಯುತ್ತೇನೆ:

"ಹುಟ್ಟಿದಾಗಿಂದ ನನ್ನ ಮಾತು ಒಂದಾದ್ರೂ ಕೇಳಿದೀಯೇನೇ ನೀನು? ಗಾನ್ಸುಗೆ ಹೋಗ್ಬೇಡ ಅಂದೆ, ಹೋದೆ. ಅಲ್ಲಿ ಮದುವೆಯಾಗ್ಬೇಡ ಅಂದೆ, ಆದೆ. ಬರಬೇಡ ಅಂದಿದ್ದೊಂದನ್ನ ಮಾತ್ರ ಯಾಕೆ ಕೇಳಿದೆ?"

ನಿಮ್ಮ
ಪೇವೆನ್